ಮಾರಾ ಖಾತೂನ್: ಸುಲ್ತಾನ್ ಫಾತಿಹ್ 'ತಾಯಿ' ಎಂದು ಗೌರವಿಸಿದ ಸರ್ಬಿಯಾದ ಕ್ರೈಸ್ತ ರಾಜಕುಮಾರಿ

ಕಾನ್‌ಸ್ಟಾಂಟಿನೋಪಲ್ ಗೆದ್ದ ಸುಲ್ತಾನ್ ಮುಹಮ್ಮದ್ ಅಲ್ ಫಾತಿಹ್ ಹೆಸರು ಕೇಳದವರು ನಮ್ಮ ಯುವಕರಲ್ಲಿ ಕಡಿಮೆ. ಮದ್ರಸದ ಪಾಠ, ಇತಿಹಾಸದ ಭಾಷಣ, ಈಗ ಮೊಬೈಲ್‌ನಲ್ಲಿ ನೋಡುವ ತುರ್ಕಿ ಧಾರಾವಾಹಿ, ಎಲ್ಲದರಲ್ಲೂ ಅವರ ಕಥೆ ಬರುತ್ತದೆ. 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ರೈಸ್ ಆಫ್ ಎಂಪೈರ್ಸ್: ಒಟ್ಟೋಮನ್' ಸರಣಿ ನೋಡಿದವರಿಗೆ ಸುಲ್ತಾನರ ಜೊತೆ ಕಾಣಿಸಿಕೊಳ್ಳುವ ಇನ್ನೊಬ್ಬರು ನೆನಪಿರಬಹುದು. ಅವರೇ ಮಲತಾಯಿ ಮಾರಾ ಖಾತೂನ್.

ಇದು ಕಲ್ಪನೆಯ ಪಾತ್ರವಲ್ಲ. ಮಾರಾ ಬ್ರಾಂಕೋವಿಚ್ ಎಂಬ ಸರ್ಬಿಯಾದ ರಾಜಕುಮಾರಿ ನಿಜಕ್ಕೂ ಇದ್ದರು. ಫಾತಿಹ್‌ರ ತಂದೆ ಎರಡನೇ ಮುರಾದ್‌ರನ್ನು ಮದುವೆಯಾಗಿ ಉಸ್ಮಾನಿಯಾ ಆಸ್ಥಾನಕ್ಕೆ ಬಂದವರು. ಕೊನೆಯ ತನಕ ಕ್ರೈಸ್ತರಾಗಿಯೇ ಉಳಿದವರು. ಹಾಗಂತ ಪರದೆಯ ಮೇಲೆ ತೋರಿಸಿದ್ದೆಲ್ಲ ಇತಿಹಾಸವೂ ಅಲ್ಲ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಮುತ್ತಿಗೆ ನಡೆಯುವಾಗ ಮಾರಾ ಸುಲ್ತಾನರ ಬಳಿ ಇರಲಿಲ್ಲ, ತವರಾದ ಸರ್ಬಿಯಾದಲ್ಲಿದ್ದರು. ನಿಜವಾದ ಕಥೆ ಧಾರಾವಾಹಿಗಿಂತ ಉದ್ದವಾದದ್ದು, ಅದರಲ್ಲಿ ನೋವೂ ಹೆಚ್ಚು.

ಸಂಕ್ಷಿಪ್ತ ಪರಿಚಯ

ಹೆಸರು: ಮಾರಾ ಬ್ರಾಂಕೋವಿಚ್ (ಮಾರಾ ಖಾತೂನ್, ದೆಸ್ಪೀನಾ ಖಾತೂನ್)
ಜನನ: ಸುಮಾರು 1416
ತಂದೆ: ಜುರಾಜ್ ಬ್ರಾಂಕೋವಿಚ್, ಸರ್ಬಿಯಾದ ಅರಸ
ತಾಯಿ: ಐರೀನ್, ಬೈಜಾಂಟೈನ್ ಕಾಂತಾಕುಜೀನ್ ಮನೆತನದವರು
ಮದುವೆ: 1436, ಎಡಿರ್ನೆ, ಸುಲ್ತಾನ್ ಎರಡನೇ ಮುರಾದ್ ಜೊತೆ
ಮಕ್ಕಳು: ಇಲ್ಲ
ಮರಣ: 1487 ಸೆಪ್ಟೆಂಬರ್ 14

ಎರಡು ಶಕ್ತಿಗಳ ನಡುವಿನ ಸಣ್ಣ ರಾಜ್ಯ

ಮಾರಾ ಹುಟ್ಟಿದ ಕಾಲದ ಸರ್ಬಿಯಾವನ್ನು ಅರ್ಥ ಮಾಡಿಕೊಳ್ಳದೆ ಅವರ ಮದುವೆ ಅರ್ಥವಾಗುವುದಿಲ್ಲ. ಉತ್ತರಕ್ಕೆ ಹಂಗೇರಿ, ದಕ್ಷಿಣ ಮತ್ತು ಪೂರ್ವಕ್ಕೆ ಉಸ್ಮಾನಿಯಾ ಸಾಮ್ರಾಜ್ಯ. ಇಬ್ಬರೂ ಬಲಿಷ್ಠರು. ಒಬ್ಬರ ಕಡೆ ವಾಲಿದರೆ ಇನ್ನೊಬ್ಬರು ಮೇಲೆ ಬೀಳುತ್ತಾರೆ. ನಡುವೆ ಸಿಕ್ಕಿದ ಸಣ್ಣ ರಾಜ್ಯ ಒಮ್ಮೆ ಇವರಿಗೆ, ಒಮ್ಮೆ ಅವರಿಗೆ ಕಪ್ಪ ಕೊಟ್ಟು ದಿನ ದೂಡಬೇಕಿತ್ತು.

1389ರ ಕೊಸೊವೊ ಯುದ್ಧದಲ್ಲಿ ಸರ್ಬಿಯಾದ ರಾಜಕುಮಾರ ಲಾಜರ್ ಮತ್ತು ಉಸ್ಮಾನಿಯಾ ಸುಲ್ತಾನ್ ಒಂದನೇ ಮುರಾದ್ ಇಬ್ಬರೂ ಪ್ರಾಣ ಕಳೆದುಕೊಂಡರು. ಆ ಬಳಿಕ ಆದ ಸಂಧಾನದಲ್ಲಿ ಲಾಜರ್‌ರ ಮಗಳು ಒಲಿವೇರಾಳನ್ನು ಹೊಸ ಸುಲ್ತಾನ್ ಒಂದನೇ ಬಾಯಝೀದ್‌ಗೆ ಮದುವೆ ಮಾಡಿಕೊಡಲಾಯಿತು. 1402ರ ಅಂಕಾರಾ ಯುದ್ಧದಲ್ಲಿ ತೈಮೂರ್ ಎದುರು ಬಾಯಝೀದ್ ಸೋತ ಮೇಲೆ ಒಲಿವೇರಾ ತವರಿಗೆ ಮರಳಿದರು. ಈ ಒಲಿವೇರಾ ಬೇರೆ ಯಾರೂ ಅಲ್ಲ, ಮಾರಾಳ ತಂದೆ ಜುರಾಜ್‌ಗೆ ತಾಯಿಯ ತಂಗಿ.

ತಾಯಿಯ ಕಡೆಯಲ್ಲೂ ಇಂಥದೇ ಉದಾಹರಣೆ ಇತ್ತು. ಕಾಂತಾಕುಜೀನ್ ಮನೆತನದ ಬೈಜಾಂಟೈನ್ ಚಕ್ರವರ್ತಿ ಆರನೇ ಜಾನ್ ತನ್ನ ಮಗಳು ಥಿಯೊಡೋರಾಳನ್ನು 1346ರಲ್ಲಿ ಸುಲ್ತಾನ್ ಓರ್ಹಾನ್‌ಗೆ ಕೊಟ್ಟಿದ್ದರು. ಆಕೆಯೂ ಕ್ರೈಸ್ತಳಾಗಿಯೇ ಉಳಿದಿದ್ದಳು. ಅಂದರೆ ಎರಡೂ ಕಡೆಯ ಹಿರಿಯರಲ್ಲಿ ಈ ದಾರಿ ತುಳಿದವರು ಇದ್ದರು. ಮಾರಾಳಿಗೆ ಇದು ಕೇಳಿ ಬೆಳೆದ ಕಥೆ.

ಬಾಲ್ಯ

1427ರಲ್ಲಿ ಜುರಾಜ್ ಬ್ರಾಂಕೋವಿಚ್ ಸರ್ಬಿಯಾದ ಅಧಿಕಾರ ವಹಿಸಿಕೊಂಡರು. ಬೆಲ್‌ಗ್ರೇಡ್ ಹಂಗೇರಿಯ ಕೈಗೆ ಹೋದದ್ದರಿಂದ ಹೊಸ ರಾಜಧಾನಿ ಬೇಕಾಯಿತು. ಡ್ಯಾನ್ಯೂಬ್ ನದಿಯ ದಡದಲ್ಲಿ ಸ್ಮೆಡೆರೆವೊ ಎಂಬ ದೊಡ್ಡ ಕೋಟೆ ಎದ್ದಿತು. ಅದರ ಮುಖ್ಯ ಕೆಲಸ 1428ರಿಂದ 1430ರ ನಡುವೆ ನಡೆಯಿತು. ಅಷ್ಟು ಬೇಗ ಅಷ್ಟು ದೊಡ್ಡ ಕೋಟೆ ಕಟ್ಟಲು ರೈತರು ಪಟ್ಟ ಪಾಡು ಸಣ್ಣದಲ್ಲ. ಸರ್ಬಿಯಾದ ಜನಪದದಲ್ಲಿ ಇದರ ಶಾಪವೆಲ್ಲ ಮಾರಾಳ ತಾಯಿ ಐರೀನ್ ತಲೆಗೆ ಬಂದಿದೆ. ಅಲ್ಲಿನ ಹಾಡುಗಳಲ್ಲಿ ಅವರು 'ಶಾಪಗ್ರಸ್ತ ಯೆರಿನಾ'.

ಮಾರಾಳ ಬಾಲ್ಯದ ಒಂದು ಚಿತ್ರ ಇಂದಿಗೂ ಉಳಿದಿದೆ. 1429ರಲ್ಲಿ ಜುರಾಜ್ ಆಥೋಸ್ ಪರ್ವತದ ಎಸ್ಫಿಗ್ಮೆನು ಮಠಕ್ಕೆ ಕೊಟ್ಟ ದಾನಪತ್ರದ ಮೇಲೆ ಇಡೀ ಕುಟುಂಬದ ವರ್ಣಚಿತ್ರವಿದೆ. ಅದರಲ್ಲಿ ಅಪ್ಪ, ಅಮ್ಮ, ಸಹೋದರರಾದ ಗರ್ಗುರ್, ಸ್ಟೆಫಾನ್, ಲಾಜರ್, ತಂಗಿ ಕಾತರೀನಾ ಜೊತೆ ಮಾರಾ ನಿಂತಿದ್ದಾಳೆ. ಆ ಚಿತ್ರದಲ್ಲಿರುವ ಮಕ್ಕಳಲ್ಲಿ ಮುಂದೆ ಇಬ್ಬರು ಕಣ್ಣು ಕಳೆದುಕೊಂಡರು. ಹೆಣ್ಣುಮಕ್ಕಳಿಬ್ಬರೂ ರಾಜಕೀಯ ಸಂಬಂಧಕ್ಕಾಗಿ ಬೇರೆ ಬೇರೆ ದಿಕ್ಕಿಗೆ ಮದುವೆಯಾಗಿ ಹೋದರು. ಕಾತರೀನಾಳನ್ನು 1434ರಲ್ಲಿ ಪಶ್ಚಿಮದ ಪ್ರಬಲ ಶ್ರೀಮಂತ, ಸೆಲ್ಯೆಯ ಕೌಂಟ್ ಉಲ್ರಿಚ್‌ಗೆ ಕೊಟ್ಟರು. ಮಾರಾಳನ್ನು ಪೂರ್ವಕ್ಕೆ, ಸುಲ್ತಾನರಿಗೆ.

ಒಬ್ಬ ಮಗಳು ಕ್ಯಾಥೊಲಿಕ್ ಮನೆಗೆ, ಇನ್ನೊಬ್ಬಳು ಮುಸ್ಲಿಂ ಮನೆಗೆ. ಜುರಾಜ್ ಎರಡೂ ಕಡೆ ಬಾಗಿಲು ತೆರೆದಿಟ್ಟುಕೊಳ್ಳಲು ನೋಡಿದರು.

ಎಡಿರ್ನೆಯಲ್ಲಿ ಮದುವೆ

ಮದುವೆಯ ಮಾತುಕತೆ 1430ರ ದಶಕದ ಆರಂಭದಲ್ಲೇ ಶುರುವಾಗಿತ್ತು. 1436ರ ಸೆಪ್ಟೆಂಬರ್‌ನಲ್ಲಿ ಆಗಿನ ಉಸ್ಮಾನಿಯಾ ರಾಜಧಾನಿ ಎಡಿರ್ನೆಯಲ್ಲಿ ಮದುವೆ ನೆರವೇರಿತು. ಮುರಾದ್‌ರಿಗೆ ಆಗ 32 ವರ್ಷ. ಮಾರಾ ಇಪ್ಪತ್ತರ ಆಸುಪಾಸಿನ ಯುವತಿ. ಡುಬೊಚಿತ್ಸಾ ಮತ್ತು ತೊಪ್ಲಿತ್ಸಾ ಎಂಬ ಎರಡು ಪ್ರದೇಶಗಳನ್ನು ವಧುವಿನ ಜೊತೆ ತವರಿನಿಂದ ಕೊಡಲಾಯಿತು.

ಸರ್ಬಿಯಾದ ಲೆಕ್ಕಾಚಾರ ಸರಳವಾಗಿತ್ತು: ಮಗಳು ಸುಲ್ತಾನರ ಮನೆಯಲ್ಲಿದ್ದರೆ ಅಳಿಯ ಮಾವನ ಊರಿಗೆ ದಂಡು ಕಳಿಸಲಿಕ್ಕಿಲ್ಲ. ಆ ಲೆಕ್ಕ ಮೂರೇ ವರ್ಷದಲ್ಲಿ ತಪ್ಪಿತು.

ಧರ್ಮ ಬದಲಾಯಿಸದ ರಾಣಿ

ಮಾರಾ ಆರ್ಥೊಡಾಕ್ಸ್ ಕ್ರೈಸ್ತ ನಂಬಿಕೆಯವರು. ಮದುವೆಯ ನಂತರವೂ ಹಾಗೆಯೇ ಉಳಿದರು. ಇದು ಉಸ್ಮಾನಿಯಾ ಸುಲ್ತಾನರ ವಿಶೇಷ ಔದಾರ್ಯ ಎನ್ನುವುದಕ್ಕಿಂತ ಇಸ್ಲಾಮೀ ಕಾನೂನಿನಲ್ಲೇ ಇರುವ ದಾರಿ. ಅಹ್ಲುಲ್ ಕಿತಾಬ್, ಅಂದರೆ ಯಹೂದಿ ಮತ್ತು ಕ್ರೈಸ್ತ ಸಮುದಾಯದ ಶೀಲವಂತ ಹೆಣ್ಣನ್ನು ಮುಸ್ಲಿಂ ಪುರುಷ ಮದುವೆಯಾಗಲು ಸೂರಃ ಅಲ್ ಮಾಇದಃದ ಐದನೇ ಆಯತ್ ಅನುಮತಿ ಕೊಡುತ್ತದೆ. ಹಾಗೆ ಬಂದ ಪತ್ನಿ ತನ್ನ ಧರ್ಮ ಬಿಡಬೇಕೆಂಬ ಷರತ್ತಿಲ್ಲ. ಮಹರ್, ಜೀವನಾಂಶ, ಗೌರವದ ವಿಷಯದಲ್ಲಿ ಆಕೆಗೂ ಪತ್ನಿಯ ಹಕ್ಕುಗಳಿವೆ.

ಆದರೆ ಕಾನೂನಿನಲ್ಲಿ ಇರುವುದು ಒಂದು, ಆಚರಣೆಗೆ ಬರುವುದು ಇನ್ನೊಂದು. ಅಧಿಕಾರದಲ್ಲಿ ಇರುವವರು ಮನಸ್ಸು ಮಾಡಿದರೆ ಒತ್ತಡ ಹಾಕಲು ನೂರು ದಾರಿಗಳಿವೆ. ಮಾರಾ ವಿಷಯದಲ್ಲಿ ಅದು ಆಗಲಿಲ್ಲ ಎನ್ನುವುದಕ್ಕೆ ಅವರ ಮುಂದಿನ ಐವತ್ತು ವರ್ಷಗಳ ಬದುಕೇ ಸಾಕ್ಷಿ. ಮೂವರು ಸುಲ್ತಾನರ ಕಾಲ ಕಂಡರೂ ಅವರು ತಮ್ಮ ನಂಬಿಕೆಯಲ್ಲೇ ಇದ್ದರು, ಅದನ್ನು ಮುಚ್ಚಿಡಬೇಕಾದ ಅಗತ್ಯವೂ ಬರಲಿಲ್ಲ.

ಫಾತಿಹ್‌ರ ಹೆತ್ತ ತಾಯಿ ಅಲ್ಲ

ಯೂರೋಪಿನ ಹಳೆಯ ಕೆಲವು ಬರಹಗಳಲ್ಲಿ, ಈಗಿನ ಇಂಟರ್ನೆಟ್ ಬರಹಗಳಲ್ಲೂ, ಫಾತಿಹ್‌ರ ತಾಯಿ ಕ್ರೈಸ್ತ ರಾಜಕುಮಾರಿ ಎಂಬ ಮಾತು ಆಗಾಗ ಕಾಣಿಸುತ್ತದೆ. ಮಾರಾ ಹೆಸರನ್ನೇ ಅಲ್ಲಿ ಸೇರಿಸುತ್ತಾರೆ. ಇದು ತಪ್ಪು. ಫಾತಿಹ್ ಹುಟ್ಟಿದ್ದು 1432ರ ಮಾರ್ಚ್ 30ರಂದು. ಮಾರಾ ಮದುವೆಯಾಗಿ ಬಂದಾಗ ಅವರಿಗೆ ಆಗಲೇ ನಾಲ್ಕು ವರ್ಷ. ಅವರ ಹೆತ್ತ ತಾಯಿ ಹುಮಾ ಖಾತೂನ್ 1449ರಲ್ಲಿ ತೀರಿಕೊಂಡರು. ಮಾರಾಳಿಗೆ ಮಕ್ಕಳೇ ಆಗಲಿಲ್ಲ.

ಮಕ್ಕಳಿಲ್ಲದಿರುವುದು ಆ ಕಾಲದ ಅರಮನೆಯ ರೀತಿಗೆ ಹೊರತಾಗಿರಲಿಲ್ಲ. ಬೇರೆ ರಾಜ್ಯದಿಂದ ಬಂದ ರಾಜಕುಮಾರಿಯ ಹೊಟ್ಟೆಯಲ್ಲಿ ಉತ್ತರಾಧಿಕಾರಿ ಹುಟ್ಟಿದರೆ ಆಕೆಯ ತವರಿನವರು ನಾಳೆ ಸಿಂಹಾಸನದ ವಿಷಯದಲ್ಲಿ ಕೈ ಹಾಕಬಹುದು. ಆದ್ದರಿಂದ ಉಸ್ಮಾನಿಯಾ ಮನೆತನದಲ್ಲಿ ಉತ್ತರಾಧಿಕಾರಿಗಳು ಸಾಮಾನ್ಯವಾಗಿ ಅರಮನೆಯ ದಾಸಿ ಮೂಲದ ಸ್ತ್ರೀಯರಿಂದಲೇ ಹುಟ್ಟುತ್ತಿದ್ದರು. ರಾಜಕುಮಾರಿಯರ ಮದುವೆ ಎರಡು ರಾಜ್ಯಗಳ ನಡುವಿನ ಒಪ್ಪಂದ. ವಂಶ ಬೆಳೆಯುವುದು ಬೇರೆ ಕಡೆ.

ಇದರಲ್ಲಿ ಒಂದು ಹೆಣ್ಣಿನ ಬದುಕಿನ ನಷ್ಟ ಇದೆ. ಆದರೆ ಇದೇ ಕಾರಣದಿಂದ ಮಾರಾ ಸಿಂಹಾಸನದ ಜಗಳದಲ್ಲಿ ಯಾರಿಗೂ ಎದುರಾಳಿ ಆಗಲಿಲ್ಲ. ಅವರಿಗೆ ಮುಂದೆ ತಳ್ಳಬೇಕಾದ ಸ್ವಂತ ಮಗನಿರಲಿಲ್ಲ. ಫಾತಿಹ್ ಅವರನ್ನು ಅನುಮಾನವಿಲ್ಲದೆ ನಂಬಲು ಇದೂ ಒಂದು ಕಾರಣ ಇದ್ದಿರಬಹುದು.

ಅಳಿಯನ ದಂಡು, ಸಹೋದರರ ಕಣ್ಣು

ಜುರಾಜ್ ಹಂಗೇರಿಯ ಜೊತೆಗಿನ ನಂಟನ್ನು ಬಿಟ್ಟಿರಲಿಲ್ಲ. ಡ್ಯಾನ್ಯೂಬ್ ದಡದ ಸ್ಮೆಡೆರೆವೊ ಕೋಟೆ ಉಸ್ಮಾನಿಯಾ ಸೇನಾಧಿಕಾರಿಗಳ ಕಣ್ಣಿಗೆ ಮುಳ್ಳಾಗಿತ್ತು. 1439ರಲ್ಲಿ ಸುಲ್ತಾನ್ ಮುರಾದ್ ಅದಕ್ಕೆ ಮುತ್ತಿಗೆ ಹಾಕಿದರು. ಜುರಾಜ್ ನೆರವು ಹುಡುಕಿ ಹಂಗೇರಿಗೆ ಹೋಗಿದ್ದರು. ಕೋಟೆ ಕಾಯುತ್ತಿದ್ದವರು ಮಾರಾಳ ಸಹೋದರ ಗರ್ಗುರ್. ಸುಮಾರು ಮೂರು ತಿಂಗಳ ಮುತ್ತಿಗೆಯ ನಂತರ ಕೋಟೆ ಶರಣಾಯಿತು. ಗರ್ಗುರ್ ಉಸ್ಮಾನಿಯಾ ಕೈಗೆ ಬಂದರು. ಇನ್ನೊಬ್ಬ ಸಹೋದರ ಸ್ಟೆಫಾನ್ ಮೊದಲೇ ಅಲ್ಲಿದ್ದರು.

1441ರಲ್ಲಿ ಇಬ್ಬರ ಮೇಲೂ ತಂದೆಯ ಜೊತೆ ಗುಟ್ಟಾಗಿ ಪತ್ರ ವ್ಯವಹಾರ ಮಾಡಿದ ಆರೋಪ ಬಂತು. ಅವರನ್ನು ಅನಟೋಲಿಯಾದ ತೊಕಾತ್‌ನಲ್ಲಿ ಬಂಧನದಲ್ಲಿಟ್ಟು ಅಲ್ಲೇ ಕಣ್ಣು ತೆಗೆಯಲಾಯಿತು. ಮಾರಾ ತನ್ನ ಸಹೋದರರಿಗಾಗಿ ಬೇಡಿಕೊಂಡರು, ಸುಲ್ತಾನರು ಮನಸ್ಸು ಬದಲಿಸಿ ಆಳು ಕಳಿಸುವಷ್ಟರಲ್ಲಿ ಹೊತ್ತು ಮೀರಿತ್ತು ಎಂಬ ಕಥನವೂ ಇದೆ. ಹೊತ್ತು ಮೀರಿತ್ತೋ ಇಲ್ಲವೋ, ಕಣ್ಣು ಹೋದದ್ದಂತೂ ನಿಜ.

ಇತಿಹಾಸ ಓದುವಾಗ ಇಂಥ ಕಡೆ ಪುಟ ಬೇಗ ಮಗುಚಿ ಮುಂದೆ ಹೋಗುವ ಅಭ್ಯಾಸ ಒಳ್ಳೆಯದಲ್ಲ. ಬೈಜಾಂಟೈನ್ ಅರಮನೆಯಲ್ಲೂ ಎದುರಾಳಿಗಳ ಕಣ್ಣು ಕೀಳುವ ಶಿಕ್ಷೆ ಶತಮಾನಗಳ ಕಾಲ ಇತ್ತು. ಅದು ಆ ಯುಗದ ಕ್ರೌರ್ಯ, ನಿಜ. ಆದರೆ ಅದೇ ಅರಮನೆಯಲ್ಲಿ ಬದುಕಬೇಕಾದ ಆ ಹೆಣ್ಣಿಗೆ ಅದರಿಂದ ನೋವು ಕಡಿಮೆಯಾಗುತ್ತದೆಯೇ? ಯಾವ ಮನೆಯನ್ನು ಉಳಿಸಲು ಆಕೆಯನ್ನು ಕಳಿಸಿದ್ದರೋ ಆ ಮನೆಯೇ ಕುಸಿದಿತ್ತು.

1444: ಸಂಧಾನದ ಮೊದಲ ಹೆಜ್ಜೆ

ಇಲ್ಲಿಂದ ಮುಂದೆ ಮಾರಾ ಇತಿಹಾಸದಲ್ಲಿ ಬರೀ 'ಕೊಟ್ಟ ಹೆಣ್ಣು' ಆಗಿ ಉಳಿಯುವುದಿಲ್ಲ.

1443ರ ಚಳಿಗಾಲದಲ್ಲಿ ಹಂಗೇರಿಯ ಸೇನಾನಿ ಯಾನೋಶ್ ಹುನ್ಯಾಡಿ ನೇತೃತ್ವದ ಸೇನೆ ಬಾಲ್ಕನ್ ಒಳಗೆ ನುಗ್ಗಿತು. ಅತ್ತ ಅನಟೋಲಿಯಾದಲ್ಲಿ ಕರಮಾನ್ ಅಮೀರರ ಜೊತೆ ಬೇರೆ ತಗಾದೆ. ಎರಡು ಕಡೆಯ ಯುದ್ಧ ಸುಲ್ತಾನರಿಗೆ ಕಷ್ಟವಾಗಿತ್ತು. ಈ ಹೊತ್ತಿಗೆ, 1444ರ ಮಾರ್ಚ್‌ನಲ್ಲಿ, ಮಾರಾ ತನ್ನ ತಂದೆಗೆ ದೂತನನ್ನು ಕಳಿಸಿದರು. ಶಾಂತಿಯ ಮಾತುಕತೆ ಮುಂದುವರಿದದ್ದು ಅಲ್ಲಿಂದ. ಆ ವರ್ಷದ ಬೇಸಿಗೆಯಲ್ಲಿ ಹತ್ತು ವರ್ಷಗಳ ಶಾಂತಿ ಒಪ್ಪಂದ ಆಯಿತು. ಜುರಾಜ್‌ಗೆ ಸ್ಮೆಡೆರೆವೊ ಸೇರಿ ರಾಜ್ಯ ವಾಪಸ್ ಸಿಕ್ಕಿತು. ಕಣ್ಣು ಕಳೆದುಕೊಂಡ ಇಬ್ಬರು ಮಕ್ಕಳೂ ತಂದೆಯ ಮನೆಗೆ ಮರಳಿದರು.

ಹಂಗೇರಿಯ ರಾಜ ವ್ಲಾಡಿಸ್ಲಾವ್ ಕೆಲವೇ ವಾರಗಳಲ್ಲಿ ಆ ಒಪ್ಪಂದ ಮುರಿದರು. ನವೆಂಬರ್ 10ರಂದು ವರ್ನಾ ಎಂಬಲ್ಲಿ ನಡೆದ ಯುದ್ಧದಲ್ಲಿ ಸೋತು ಪ್ರಾಣ ಕಳೆದುಕೊಂಡರು. ಜುರಾಜ್ ಮಾತ್ರ ಆ ಯುದ್ಧದಿಂದ ದೂರ ಉಳಿದರು. ಮಗಳು ಕಟ್ಟಿಕೊಟ್ಟ ಶಾಂತಿಯನ್ನು ಅವರು ಕೈಬಿಡಲಿಲ್ಲ.

ತವರಿಗೆ ಮರಳಿದ್ದು, ಚಕ್ರವರ್ತಿಗೆ 'ಇಲ್ಲ' ಅಂದದ್ದು

1451ರ ಫೆಬ್ರವರಿಯಲ್ಲಿ ಸುಲ್ತಾನ್ ಮುರಾದ್ ಎಡಿರ್ನೆಯಲ್ಲಿ ನಿಧನರಾದರು. 18ರ ಹರೆಯದ ಫಾತಿಹ್ ಸುಲ್ತಾನರಾದರು. ಅಧಿಕಾರಕ್ಕೆ ಬಂದ ಕೂಡಲೇ ಅವರು ಮಲತಾಯಿಯನ್ನು ಉಡುಗೊರೆಗಳೊಂದಿಗೆ, ಮರ್ಯಾದೆಯಿಂದ ತವರಿಗೆ ಕಳಿಸಿಕೊಟ್ಟರು. ಮದುವೆಯ ಕಾಲದಲ್ಲಿ ಬಂದಿದ್ದ ತೊಪ್ಲಿತ್ಸಾ ಮತ್ತು ಡುಬೊಚಿತ್ಸಾ ಪ್ರದೇಶಗಳೂ ಸರ್ಬಿಯಾಕ್ಕೆ ಮರಳಿ ಸಿಕ್ಕವು. ಹದಿನೈದು ವರ್ಷಗಳ ನಂತರ ಮಾರಾ ತಂದೆತಾಯಿಯ ಮನೆಗೆ ಬಂದರು.

ಅಷ್ಟರಲ್ಲಿ ಹೊಸ ಸಂಬಂಧವೊಂದು ಬಂತು. ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಹನ್ನೊಂದನೇ ಕಾನ್‌ಸ್ಟಾಂಟಿನ್ ಎರಡು ಸಲ ಹೆಂಡತಿಯನ್ನು ಕಳೆದುಕೊಂಡಿದ್ದರು. ಅವರ ಆಸ್ಥಾನದ ಅಧಿಕಾರಿ ಜಾರ್ಜ್ ಸ್ಫ್ರಾಂಟ್ಜೆಸ್ ಈ ಸಂಬಂಧ ಮಾಡಿಸಲು ಬಹಳ ಓಡಾಡಿದರು. ಮಾರಾಳ ಜೊತೆ ಮದುವೆಯಾದರೆ ಸರ್ಬಿಯಾದ ಬೆಂಬಲವೂ ಸಿಗುತ್ತದೆ, ಹೊಸ ಸುಲ್ತಾನರ ಜೊತೆ ಮಾತಾಡಲು ದಾರಿಯೂ ಸಿಗುತ್ತದೆ ಎಂಬುದು ಅವರ ಎಣಿಕೆ. ಜುರಾಜ್ ಮತ್ತು ಐರೀನ್ ಖುಷಿಯಿಂದ ಒಪ್ಪಿದರು.

ಒಪ್ಪದವರು ಮಾರಾ ಒಬ್ಬರೇ. ಸುಲ್ತಾನರ ಅರಮನೆಯಿಂದ ಹೊರಗೆ ಬರುವ ದಿನ ಬಂದರೆ ಮತ್ತೆ ಮದುವೆಯಾಗುವುದಿಲ್ಲ, ಉಳಿದ ಬದುಕನ್ನು ದೇವರ ಸೇವೆಗೆ ಕೊಡುತ್ತೇನೆ ಎಂದು ಅವರು ಹರಕೆ ಹೊತ್ತಿದ್ದರು. ಮೊದಲ ಮದುವೆಯಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ. ಎರಡನೇ ಸಲ ಎದುರಿಗಿದ್ದದ್ದು ಚಕ್ರವರ್ತಿಯ ಪತ್ನಿಯ ಪಟ್ಟ. ಅದನ್ನೇ ಬೇಡ ಎಂದರು.

ಎರಡು ವರ್ಷದ ನಂತರ, 1453ರ ಮೇ 29ರಂದು, ಕಾನ್‌ಸ್ಟಾಂಟಿನೋಪಲ್ ಫಾತಿಹ್‌ರ ಕೈಗೆ ಬಂತು. ಕಾನ್‌ಸ್ಟಾಂಟಿನ್ ಅದೇ ದಿನ ಯುದ್ಧದಲ್ಲಿ ಮಡಿದರು.

ಒಂದು ರಾತ್ರಿಯ ಪಯಣ

1456ರ ಡಿಸೆಂಬರ್‌ನಲ್ಲಿ ಜುರಾಜ್ ತೀರಿಕೊಂಡರು. ಅಧಿಕಾರ ಕಿರಿಯ ಮಗ ಲಾಜರ್ ಪಾಲಾಯಿತು. ಕಣ್ಣಿಲ್ಲದ ಅಣ್ಣಂದಿರು, ತಾಯಿ, ಅಕ್ಕ ಮಾರಾ ಒಂದು ಕಡೆ, ಲಾಜರ್ ಇನ್ನೊಂದು ಕಡೆ ಎಂಬಂತೆ ಮನೆ ಒಡೆಯಿತು. 1457ರ ಮೇ 3ರಂದು ತಾಯಿ ಐರೀನ್ ತೀರಿಕೊಂಡರು. ಲಾಜರ್ ವಿಷ ಹಾಕಿಸಿದ ಎಂಬ ಗುಲ್ಲು ಆಗ ಹಬ್ಬಿತ್ತು.

ಅದೇ ರಾತ್ರಿ ಮಾರಾ, ಕುರುಡ ಸಹೋದರ ಗರ್ಗುರ್ ಮತ್ತು ಸೋದರಮಾವ ಥಾಮಸ್ ಕಾಂತಾಕುಜೀನ್ ಜೊತೆ ಮನೆ ಬಿಟ್ಟರು. ಹೋದದ್ದು ಎಲ್ಲಿಗೆ? ಹಂಗೇರಿಗಲ್ಲ, ವೆನಿಸ್‌ಗಲ್ಲ. ಸುಲ್ತಾನ್ ಫಾತಿಹ್ ಬಳಿಗೆ.

ಸ್ವಂತ ತಮ್ಮನ ಕೈಕೆಳಗೆ ಬದುಕಲಾಗದೆ ಮಲಮಗನ ಆಶ್ರಯಕ್ಕೆ ಬಂದ ಹೆಣ್ಣು ಅವರು. ಜೊತೆಗೆ ಕರೆತಂದ ಸಹೋದರನ ಕಣ್ಣು ತೆಗೆಸಿದ್ದು ಆ ಮಲಮಗನ ತಂದೆಯೇ. ಮಾರಾ ಆ ದಿನ ಏನು ಯೋಚಿಸಿದರು ಎಂದು ಯಾರೂ ಬರೆದಿಟ್ಟಿಲ್ಲ. ಫಾತಿಹ್ ಏನು ಮಾಡಿದರು ಎಂಬುದು ಮಾತ್ರ ದಾಖಲೆಯಲ್ಲಿದೆ.

ಯೆಜೆವೊದ ಒಡತಿ

ಸುಲ್ತಾನರು ಅವರಿಗೆ ಮೆಸಿಡೋನಿಯಾದ ಸೆರೆಸ್ ಪಟ್ಟಣದ ಹತ್ತಿರ ಯೆಜೆವೊ ಎಂಬ ಊರಿನ ಜಮೀನು ಕೊಟ್ಟರು. ಈಗ ಅದು ಗ್ರೀಸ್ ದೇಶದಲ್ಲಿದೆ. ಮಾರಾ ಸುಮಾರು ಮೂವತ್ತು ವರ್ಷ ಅಲ್ಲಿ ಬದುಕಿದರು. 1459ರಲ್ಲಿ ಥೆಸಲೋನಿಕಿಯ ಒಂದು ಮಠವನ್ನೂ ಸುಲ್ತಾನರು ಅವರ ಹೆಸರಿಗೆ ಬರೆದುಕೊಟ್ಟರು. ಸುಲ್ತಾನರ ದಾಖಲೆಗಳಲ್ಲಿ ಅವರನ್ನು 'ತಾಯಿ' ಎಂದು ಕರೆಯಲಾಗಿದೆ. 'ದೆಸ್ಪೀನಾ ಖಾತೂನ್' ಎಂಬ ಬಿರುದೂ ಇದೆ. ದೆಸ್ಪೀನಾ ಎಂದರೆ ಗ್ರೀಕ್ ಭಾಷೆಯಲ್ಲಿ ಒಡತಿ.

ತಂದೆಯ ಪತ್ನಿ ಮಗನಿಗೆ ಶಾಶ್ವತವಾಗಿ ಮಹ್ರಮ್, ತಂದೆ ತೀರಿಕೊಂಡರೂ ಆ ಸಂಬಂಧ ಕಡಿಯುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಸ್‌ಅಲ. ಆದರೆ 'ತಾಯಿ' ಎಂಬ ಮಾತಿಗೆ ಜಮೀನು, ಆದಾಯ, ರಕ್ಷಣೆಯ ಬಲ ಕೊಟ್ಟು ಮಾತು ಉಳಿಸಿಕೊಂಡದ್ದು ಇಲ್ಲಿ ಕಾಣುವ ವಿಶೇಷ.

ಹಾಗಂತ ಈ ಗೌರವ ಅವರ ನಾಡನ್ನು ಉಳಿಸಲಿಲ್ಲ. 1458ರ ಜನವರಿಯಲ್ಲಿ ಲಾಜರ್ ತೀರಿಕೊಂಡರು. 1459ರ ಜೂನ್ 20ರಂದು ಸ್ಮೆಡೆರೆವೊ ಉಸ್ಮಾನಿಯಾ ವಶವಾಯಿತು, ಸರ್ಬಿಯಾ ರಾಜ್ಯ ಮುಗಿಯಿತು. ಮಾರಾಳಿಗೆ ಆಶ್ರಯ ಕೊಟ್ಟವರೂ, ಅವರ ತಂದೆ ಕಟ್ಟಿದ ಕೋಟೆ ಗೆದ್ದವರೂ ಒಬ್ಬರೇ.

ಮಧ್ಯಸ್ಥಿಕೆ: ಪಾತ್ರಿಯಾರ್ಕ್‌ನಿಂದ ವೆನಿಸ್ ತನಕ

ರಾಜ್ಯ ಹೋದ ಮೇಲೆ ಸರ್ಬಿಯಾದ ಜನರಿಗೆ, ಸನ್ಯಾಸಿಗಳಿಗೆ ಯೆಜೆವೊ ಒಂದು ನೆರಳಾಯಿತು. ಸುಲ್ತಾನರ ತನಕ ಮಾತು ತಲುಪಿಸಬೇಕಾದವರು ಮಾರಾಳ ಬಾಗಿಲಿಗೆ ಬರುತ್ತಿದ್ದರು. ಅವರು ಮಾಡಿದ ಕೆಲಸಗಳಲ್ಲಿ ಕೆಲವು:

ರೀಲಾ ಮಠ: ಬಲ್ಗೇರಿಯಾದ ಜನ ಬಹಳ ಗೌರವಿಸುವ ಸಂತ ರೀಲಾದ ಇವಾನ್‌ರ ಅವಶೇಷಗಳು ಟರ್ನೊವೊ ನಗರದಲ್ಲಿದ್ದವು. ಅವುಗಳನ್ನು ಮೂಲ ಮಠಕ್ಕೆ ತರಲು ಸನ್ಯಾಸಿಗಳಿಗೆ ಸುಲ್ತಾನರ ಅನುಮತಿ ಕೊಡಿಸಿದವರು ಮಾರಾ. 1469ರಲ್ಲಿ ಆ ಮೆರವಣಿಗೆ ನಡೆಯಿತು.

ಡುಬ್ರೋವ್ನಿಕ್ ಹಣ: ಆಡ್ರಿಯಾಟಿಕ್ ಕರಾವಳಿಯ ವ್ಯಾಪಾರಿ ನಗರ ಡುಬ್ರೋವ್ನಿಕ್ ಹಿಂದೆ ಜೆರುಸಲೇಮಿನ ಸರ್ಬಿಯನ್ ಮಠಕ್ಕೆಂದು ಕೊಡುತ್ತಿದ್ದ ವಾರ್ಷಿಕ ಹಣ ಮಾರಾಳ ಹಕ್ಕಿಗೆ ಬಂತು. ಅದನ್ನು ಅವರು ಆಥೋಸ್‌ನ ಹಿಲಾಂಡರ್ ಮತ್ತು ಸೇಂಟ್ ಪೌಲ್ ಮಠಗಳಿಗೆ ಬಿಟ್ಟುಕೊಟ್ಟರು.

ವೆನಿಸ್ ಯುದ್ಧ: 1463ರಿಂದ 1479ರ ತನಕ ಉಸ್ಮಾನಿಯಾ ಮತ್ತು ವೆನಿಸ್ ನಡುವೆ ಯುದ್ಧ ನಡೆಯಿತು. ಗಂಡನನ್ನು ಕಳೆದುಕೊಂಡ ತಂಗಿ ಕಾತರೀನಾ ಆ ವೇಳೆಗೆ ಯೆಜೆವೊಗೆ ಬಂದು ಅಕ್ಕನ ಜೊತೆಗಿದ್ದರು. 1470ರ ಸುಮಾರಿಗೆ ಅಕ್ಕ-ತಂಗಿಯರ ಮೂಲಕ ಎರಡು ಕಡೆಯ ನಡುವೆ ಶಾಂತಿ ಮಾತುಕತೆ ನಡೆಯಿತು. ಆ ಸಲ ಅದು ಫಲ ಕೊಡಲಿಲ್ಲ. ಆದರೂ ಆ ಕಾಲದ ಎರಡು ದೊಡ್ಡ ಶಕ್ತಿಗಳು ನಂಬಿ ಮಾತಾಡಿದ ಜಾಗ ಇಬ್ಬರು ವಿಧವೆಯರ ಮನೆಯಾಗಿತ್ತು.

ಪಾತ್ರಿಯಾರ್ಕ್ ಆಯ್ಕೆ: ಇದೊಂದು ಮಾತ್ರ ಪ್ರಶ್ನೆಗೆ ಎಡೆಯಾದ ವಿಷಯ. ಆರ್ಥೊಡಾಕ್ಸ್ ಚರ್ಚಿನ ಮುಖ್ಯಸ್ಥರ ಸ್ಥಾನಕ್ಕಾಗಿ ಪೈಪೋಟಿ ನಡೆದಾಗ ಒಬ್ಬ ಅಭ್ಯರ್ಥಿಯ ಕಡೆಯವರು ಸುಲ್ತಾನರಿಗೆ ಚಿನ್ನದ ನಾಣ್ಯ ಕೊಟ್ಟಿದ್ದರು. ಮಾರಾ ತಮಗೆ ಸರಿ ಕಂಡ ಡಿಯೊನಿಸಿಯಸ್ ಪರವಾಗಿ 2,000 ಚಿನ್ನದ ನಾಣ್ಯ ಒಪ್ಪಿಸಿದರು. ಡಿಯೊನಿಸಿಯಸ್ ಪಾತ್ರಿಯಾರ್ಕ್ ಆದರು. ಉದ್ದೇಶ ಏನೇ ಇರಲಿ, ಆ ಸ್ಥಾನಕ್ಕೆ ಹಣ ಕೊಡುವ ಪದ್ಧತಿ ಬೇರು ಬಿಟ್ಟು ಮುಂದೆ ಚರ್ಚಿಗೇ ದೊಡ್ಡ ಹೊರೆಯಾಯಿತು. ಒಳ್ಳೆಯವರ ಕೈಯಿಂದಲೂ ಕೆಟ್ಟ ಸಂಪ್ರದಾಯ ಗಟ್ಟಿಯಾಗಬಹುದು.

ಆಥೋಸ್ ದಡದ ದಂತಕಥೆ

ಮಾರಾ ಬಗ್ಗೆ ಒಂದು ದಂತಕಥೆ ಗ್ರೀಸ್‌ನಲ್ಲಿ ಇಂದಿಗೂ ಹೇಳುತ್ತಾರೆ. ಕ್ರೈಸ್ತ ನಂಬಿಕೆಯ ಪ್ರಕಾರ ಈಸಾ (ಅ) ಹುಟ್ಟಿದಾಗ ಪೂರ್ವದ ಜ್ಞಾನಿಗಳು ಚಿನ್ನ, ಧೂಪ ಮತ್ತು ಸುಗಂಧದ ಅಂಟನ್ನು ಕಾಣಿಕೆಯಾಗಿ ತಂದಿದ್ದರು. ಆ ಕಾಣಿಕೆಗಳು ಎಂದು ನಂಬಲಾದ ವಸ್ತುಗಳು ಕಾನ್‌ಸ್ಟಾಂಟಿನೋಪಲ್‌ನ ಖಜಾನೆಯಿಂದ ಮಾರಾಳ ಕೈಗೆ ಬಂದವಂತೆ. ಅವನ್ನು ಸೇಂಟ್ ಪೌಲ್ ಮಠಕ್ಕೆ ಕೊಡಲು ಅವರು ತಾವೇ ಹಡಗಿನಲ್ಲಿ ಹೋದರು.

ಆಥೋಸ್ ಪರ್ವತಕ್ಕೆ ಹೆಂಗಸರಿಗೆ ಪ್ರವೇಶವಿಲ್ಲ. ಆ ನಿಯಮ ಈಗಲೂ ಇದೆ. ಮಾರಾ ದಡದಿಂದ ಮಠದ ಕಡೆ ನಡೆಯುತ್ತಿದ್ದಾಗ ಮುಂದೆ ಬರಬೇಡ ಎಂಬ ಧ್ವನಿ ಕೇಳಿತಂತೆ. ಅವರು ಅಲ್ಲೇ ನಿಂತು ಕಾಣಿಕೆಗಳನ್ನು ಸನ್ಯಾಸಿಗಳ ಕೈಗೆ ಕೊಟ್ಟು ಹಿಂದಿರುಗಿದರು. ಆ ಜಾಗದಲ್ಲಿ ಇಂದಿಗೂ ಗುರುತು ಇದೆ. ವಸ್ತುಗಳು ಮಠದಲ್ಲಿವೆ. ಇದು ಕಥೆಯೇ ಇರಬಹುದು. ಆದರೆ ಮಾರಾಳ ಸ್ವಭಾವವನ್ನು ಜನ ಹೇಗೆ ನೆನಪಿಟ್ಟುಕೊಂಡಿದ್ದಾರೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ: ಸುಲ್ತಾನರ ಪತ್ನಿ, ಚಕ್ರವರ್ತಿಯನ್ನೇ ಬೇಡ ಎಂದವರು, ಸನ್ಯಾಸಿಗಳ ನಿಯಮದ ಮುಂದೆ ತಲೆಬಾಗಿ ನಿಂತರು ಎಂದು.

ಕೊನೆಯ ದಿನಗಳು

1481ರ ಮೇ 3ರಂದು ಸುಲ್ತಾನ್ ಫಾತಿಹ್ ನಿಧನರಾದರು. ಎರಡನೇ ಬಾಯಝೀದ್ ಅಧಿಕಾರಕ್ಕೆ ಬಂದ ಮೇಲೂ ಮಾರಾಳ ಸ್ಥಾನಮಾನಕ್ಕೆ ಕುಂದು ಬರಲಿಲ್ಲ. 1487ರ ಸೆಪ್ಟೆಂಬರ್ 14ರಂದು, ಎಪ್ಪತ್ತರ ಆಸುಪಾಸಿನಲ್ಲಿ, ಅವರು ತೀರಿಕೊಂಡರು. ಅಷ್ಟರಲ್ಲಿ ಆ 1429ರ ಕುಟುಂಬ ಚಿತ್ರದಲ್ಲಿದ್ದವರಲ್ಲಿ ತಂಗಿ ಕಾತರೀನಾ ಹೊರತು ಯಾರೂ ಉಳಿದಿರಲಿಲ್ಲ.

ಈ ಬದುಕಿನಿಂದ ತಿಳಿಯುವುದೇನು?

ಮಾರಾ ಕಥೆಯನ್ನು ಎರಡು ರೀತಿಯಲ್ಲಿ ತಿರುಚಿ ಹೇಳುವವರು ಇದ್ದಾರೆ. ಮುಸ್ಲಿಂ ಅರಮನೆಯಲ್ಲಿ ಸೆರೆಯಾಗಿ ನರಳಿದ ಕ್ರೈಸ್ತ ಹೆಣ್ಣು ಎಂದು ಕೆಲವರು. ಸುಲ್ತಾನರ ಅರಮನೆಯಲ್ಲಿ ಎಲ್ಲವೂ ಚೆನ್ನಾಗಿತ್ತು, ಯಾವ ಕುಂದೂ ಇರಲಿಲ್ಲ ಎಂದು ಇನ್ನು ಕೆಲವರು. ಎರಡೂ ಅರ್ಧ ಸತ್ಯ.

ಒಪ್ಪಂದಕ್ಕಾಗಿ ಮಗಳನ್ನು ಕೊಟ್ಟ ಲೆಕ್ಕಾಚಾರ ಪೂರ್ತಿ ಸೋತಿತು. ಮದುವೆ ಯುದ್ಧ ತಡೆಯಲಿಲ್ಲ, ಸಹೋದರರ ಕಣ್ಣು ಉಳಿಸಲಿಲ್ಲ, ರಾಜ್ಯವನ್ನೂ ಉಳಿಸಲಿಲ್ಲ. ಆದರೆ ಅದೇ ಅರಮನೆ ಆಕೆಯ ಈಮಾನಿಗೆ ಕೈ ಹಾಕಲಿಲ್ಲ. ತಂದೆ ತೀರಿಕೊಂಡ ಮೇಲೆ ಮಲಮಗ ಆಕೆಯನ್ನು ಹೊರೆ ಎಂದು ದೂರ ತಳ್ಳಲಿಲ್ಲ. ಹೋಗುತ್ತೇನೆ ಎಂದಾಗ ಗೌರವದಿಂದ ಕಳಿಸಿದರು, ದಿಕ್ಕಿಲ್ಲದೆ ಮರಳಿ ಬಂದಾಗ ಮನೆ ಕೊಟ್ಟರು. ಬೇರೆ ಧರ್ಮದಲ್ಲಿ ಉಳಿದ ಮಲತಾಯಿ 'ತಾಯಿ' ಆಗಲು ಅಡ್ಡಿಯಾಗಲಿಲ್ಲ.

ಮತ್ತೆ ಆ ಸ್ಥಾನ ಬರೀ ಸುಲ್ತಾನರ ದಯೆಯಿಂದ ಬಂದದ್ದೂ ಅಲ್ಲ. ಎರಡು ಕಡೆಯವರೂ ನಂಬುವಂತೆ ಐವತ್ತು ವರ್ಷ ನಡೆದುಕೊಳ್ಳುವುದು ಸುಲಭವಲ್ಲ. ಮಾರಾ ಯಾವ ಕಡೆಗೂ ದ್ರೋಹ ಮಾಡದೆ, ತನ್ನ ನಂಬಿಕೆಯನ್ನೂ ಬಿಡದೆ, ಎದುರಿನವರ ಮರ್ಯಾದೆಯನ್ನೂ ಕಳೆಯದೆ ಬದುಕಿದರು. ಕಾನ್‌ಸ್ಟಾಂಟಿನೋಪಲ್ ಗೆಲುವಿನ ಬಗ್ಗೆ ಓದುವಾಗ ಫಿರಂಗಿ, ಹಡಗು, ಕೋಟೆಗೋಡೆಯ ಜೊತೆ ಯೆಜೆವೊದ ಆ ಮನೆಯನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಫಾತಿಹ್ ಎಂಥ ಸುಲ್ತಾನ ಎಂದು ತಿಳಿಯಲು ಆ ಗೆಲುವು ಬೇಕು. ಎಂಥ ಮಗ ಎಂದು ತಿಳಿಯಲು ಮಾರಾಳ ಕಥೆ ಬೇಕು.